ದಕ್ಷಿಣದ ಹಣವನ್ನು ಮುಳುಗಿಸಿದ್ದು ಯಾರು?

ಮಾನ್ಯ ಶ್ರೋತೃಗಳಿಗೆ ನಮಸ್ಕಾರ. 1861ರಿಂದ 1865ರವರೆಗೆ ನಡೆದ ಅಮೆರಿಕದ ಅಂತರ್ಯುದ್ಧದಲ್ಲಿ ದಕ್ಷಿಣ ರಾಜ್ಯಗಳ ಒಕ್ಕೂಟದ ಕಾಗದದ ಹಣ ಏಕೆ ಹಾಳಾಯಿತೆಂದು ಕೇಳಿದರೆ, ಅನೇಕರು ಖೋಟಾ ನೋಟಿನತ್ತ ಬೆರಳು ತೋರಿಸುತ್ತಾರೆ. ನಾನು ಇದನ್ನು ಒಪ್ಪುವುದಿಲ್ಲ. ಆ ಹಣವನ್ನು ಮುಳುಗಿಸಿದ್ದು ಸರ್ಕಾರವೇ ಮಿತಿಯಿಲ್ಲದೆ ಅಚ್ಚುಹಾಕಿಸಿದ ಅಸಲಿ ನೋಟು.

ಹಾಗೆಂದು ಖೋಟಾ ನೋಟಿನ ಕಥೆಯನ್ನು ಹೇಳದೆ ಬಿಡಲು ಮನಸ್ಸು ಬಾರದು. ಉತ್ತರದ ಫಿಲಡೆಲ್ಫಿಯಾ ನಗರದಲ್ಲಿ ಸ್ಯಾಮ್ಯುಯೆಲ್ ಅಪ್‌ಹ್ಯಾಮ್ ಎಂಬ ವ್ಯಾಪಾರಿ ಕಾಗದ, ಸುಗಂಧದ್ರವ್ಯಗಳ ಅಂಗಡಿ ಇಟ್ಟಿದ್ದ. 1862ರ ಫೆಬ್ರವರಿ 24ರಂದು ಅವನ ಅಂಗಡಿಯಲ್ಲಿದ್ದ ಊರಿನ ದಿನಪತ್ರಿಕೆ ಎಂದಿಲ್ಲದಂತೆ ಖರ್ಚಾಯಿತು. ವಿಚಾರಿಸಿದರೆ, ಮುಖಪುಟದಲ್ಲಿ ದಕ್ಷಿಣದ 5 ಡಾಲರ್ ನೋಟಿನ ಪಡಿಯಚ್ಚು! ಕೂಡಲೇ ಅವನು ಪತ್ರಿಕೆಯವರಿಂದ ಆ ಲೋಹದ ಅಚ್ಚನ್ನೇ ಕೊಂಡು, 3,000 ಪ್ರತಿಗಳನ್ನು ತೆಗೆಸಿ, ಯುದ್ಧದ ನೆನಪಿಗೆಂದು ಒಂದೊಂದನ್ನು ಒಂದು ಸೆಂಟಿಗೆ ಮಾರಿದ. ಇದು ನಕಲು ಎಂಬ ಮಾತನ್ನೂ ತನ್ನ ಹೆಸರು, ವಿಳಾಸವನ್ನೂ ಕೆಳ ಅಂಚಿನಲ್ಲಿ ಮುದ್ರಿಸಿದ್ದ. ಆದರೆ ಆ ಅಂಚನ್ನು ಕತ್ತರಿಸಲು ಒಂದು ಕತ್ತರಿ ಸಾಕಾಗಿತ್ತು. ಹೀಗೆ ಅಂಚು ಕಳೆದುಕೊಂಡ ನೋಟುಗಳು ದಕ್ಷಿಣದ ಹತ್ತಿಯನ್ನು ಕೊಳ್ಳುವ ಕಳ್ಳಸಾಗಣೆದಾರರ ಕೈ ಸೇರಿದವು. 1863ರ ಆಗಸ್ಟ್ ವೇಳೆಗೆ 15,64,000 ನೋಟುಗಳನ್ನು ಅಚ್ಚುಹಾಕಿದ್ದೆನೆಂದು ಅವನೇ ಮುಂದೆ ಹೇಳಿಕೊಂಡ.

ನಕಲು ಮಾಡುವುದು ಇಷ್ಟು ಸುಲಭವಾದುದಕ್ಕೆ ಅಸಲಿ ನೋಟೇ ಕಾರಣವಾಗಿತ್ತು. ನುರಿತ ಕೆತ್ತನೆಗಾರರೂ ಒಳ್ಳೆಯ ಕಾಗದವೂ ದಕ್ಷಿಣದಲ್ಲಿ ವಿರಳವಾಗಿದ್ದುದರಿಂದ ಬಹುಪಾಲು ನೋಟುಗಳು ಕಲ್ಲಚ್ಚಿನಲ್ಲಿ ಒರಟಾಗಿ ಮೂಡಿಬರುತ್ತಿದ್ದವು. ಖಜಾನೆಯ ಗುಮಾಸ್ತರು, ಅವರಲ್ಲಿ ಅನೇಕ ಮಹಿಳೆಯರು, ನೋಟುಗಳಿಗೆ ಕೈಯಿಂದಲೇ ಸಹಿ ಹಾಕುತ್ತಿದ್ದರು. ಅಷ್ಟೊಂದು ಜನರ ಸಹಿಯನ್ನು ಸಂತೆಯ ವ್ಯಾಪಾರಿ ಹೇಗೆ ತಾನೇ ಗುರುತಿಸಿಯಾನು?

ಈಗ ದಯವಿಟ್ಟು ಲೆಕ್ಕವನ್ನು ನೋಡಿ. ಅಪ್‌ಹ್ಯಾಮನ ನಕಲುಗಳ ಮುಖಬೆಲೆ ಸುಮಾರು ಒಂದೂವರೆ ಕೋಟಿ ಡಾಲರ್. ತೆರಿಗೆ ಎತ್ತಲು ಹಿಂಜರಿದ ದಕ್ಷಿಣದ ಸರ್ಕಾರ ಹೊರಡಿಸಿದ ಅಸಲಿ ನೋಟುಗಳು ನೂರು ಕೋಟಿ ಡಾಲರಿಗೂ ಹೆಚ್ಚು. ಬೆಲೆಗಳು ಯುದ್ಧದ ಕೊನೆಗೆ ಸುಮಾರು 92 ಪಟ್ಟು ಏರಿದ್ದು ಇದರಿಂದಲೇ ಹೊರತು ಫಿಲಡೆಲ್ಫಿಯಾದ ಆ ಅಂಗಡಿಯಿಂದಲ್ಲ.

ನನಗೆ ಕೊಟ್ಟ ಸಮಯ ಮುಗಿಯುತ್ತ ಬಂದಿರುವುದರಿಂದ ಒಂದೇ ವಿವರವನ್ನು ಸೇರಿಸುತ್ತೇನೆ. ಉತ್ತರದೊಡನೆ ಶಾಂತಿ ಒಪ್ಪಂದವಾದ ಎರಡು ವರ್ಷಗಳ ಬಳಿಕ ಹಣ ಕೊಡುವುದಾಗಿ 1864ರ ನೋಟುಗಳ ಮೇಲೆ ಮುದ್ರಿಸಲಾಗಿತ್ತು. ಮರುವರ್ಷ ದಕ್ಷಿಣದ ಸೇನೆಗಳು ಶರಣಾದವು, ಅಂಥ ಒಪ್ಪಂದವಾಗಲೇ ಇಲ್ಲ.