ಎಂಟನೆಯ ಕುದುರೆ

ಕೇಳುಗರೆಲ್ಲರಿಗೂ ನಮಸ್ಕಾರ.

ಕುದುರೆ ರೇಸು ಅಂದ ಕೂಡಲೇ ನಮಗೆ ನೆನಪಾಗುವುದು ಬೆಂಗಳೂರಿನ ರೇಸ್ ಕೋರ್ಸು, ಇಲ್ಲವೇ ಚಾಮುಂಡಿ ಬೆಟ್ಟದ ಕೆಳಗಿರುವ ಮೈಸೂರಿನದು. ನಾನು ಇವತ್ತು ಹೇಳಹೊರಟಿರುವುದು ಬೇರೆಯೇ ರೇಸಿನ ಮಾತು. ಇಂಗ್ಲೆಂಡ್, ವೇಲ್ಸ್, ಐರ್ಲೆಂಡಿನ ಹಳ್ಳಿಗಾಡಿನಲ್ಲಿ, ರೈತರ ಹುಲ್ಲುಗಾವಲಲ್ಲಿ ನಡೆಯುವ ಪಾಯಿಂಟ್-ಟು-ಪಾಯಿಂಟ್. ಸವಾರರು ಸಂಬಳದ ಜಾಕಿಗಳಲ್ಲ, ಹವ್ಯಾಸಿಗಳು. ಸಾಮಾನ್ಯವಾಗಿ 3 ಮೈಲಿ ಓಟ, ದಾರಿಯುದ್ದಕ್ಕೂ 18 ಬೇಲಿ. ಬರ್ಚ್ ಮರದ ಕಡ್ಡಿಗಳನ್ನು ಒತ್ತಾಗಿ ಕಟ್ಟಿ ನಿಲ್ಲಿಸಿದ ಎದೆಮಟ್ಟದ ಬೇಲಿಗಳು. ಹತ್ತಿರ ನಿಂತರೆ, ಕುದುರೆಯ ಹೊಟ್ಟೆ ಕಡ್ಡಿಗಳಿಗೆ ಸವರಿ ಹೋಗುವ ಸದ್ದು ಕೇಳಿಸುತ್ತದೆ.

ಬೇಲಿ ಹಾರುವ ಈ ರೇಸಿನ ಹಳೆಯ ಕಥೆ 1752ರದು. ಐರ್ಲೆಂಡಿನ ಕಾರ್ಕ್ ಸೀಮೆಯಲ್ಲಿ ಇಬ್ಬರು ಬಾಜಿ ಕಟ್ಟಿ, ಬಟೆವಂಟ್ ಊರಿನ ಚರ್ಚಿನಿಂದ ಡೊನೆರೈಲ್ ಚರ್ಚಿನವರೆಗೆ ಹಳ್ಳ ಬೇಲಿ ಎನ್ನದೆ ಕುದುರೆ ಓಡಿಸಿದರಂತೆ. ಅವತ್ತಿಗೆ ಎರಡು ಕುದುರೆ ಸಾಕಾಗಿತ್ತು. ಇವತ್ತು ಎರಡು ಕುದುರೆ ಬಂದರೆ ರೇಸು ನಡೆಸುವವರ ಎದೆ ಧಸಕ್ ಅನ್ನುತ್ತದೆ.

ಮಗಳು ಇಂಗ್ಲೆಂಡಿನ ಗ್ಲಾಸ್ಟರ್‌ಷೈರ್ ಕಡೆ ಇದ್ದಾಳೆ. ಒಂದು ಏಪ್ರಿಲ್‌ನಲ್ಲಿ ಅಲ್ಲಿದ್ದಾಗ ಪಕ್ಕದ ಊರಿನ ರೇಸಿಗೆ ಹೋಗಿದ್ದೆವು. ಕೈಯಲ್ಲಿದ್ದ ಪುಸ್ತಕದಲ್ಲಿ ಮೂರನೇ ರೇಸಿಗೆ ಎಂಟು ಕುದುರೆಗಳ ಹೆಸರಿತ್ತು. ಐವತ್ತರ ಆಸುಪಾಸಿನ ಹೆಂಗಸೊಬ್ಬರು ಕೋಲು ಹಿಡಿದು ಓಟದ ಹಾದಿಯಲ್ಲಿ ನಡೆದು ಬರುತ್ತಿದ್ದರು. ಹತ್ತು ಹೆಜ್ಜೆಗೊಮ್ಮೆ ನಿಂತು ಕೋಲಿನ ತುದಿಯನ್ನು ನೆಲಕ್ಕೆ ಒತ್ತುವರು. ಕೋಲು ಇಳಿಯುತ್ತಿರಲಿಲ್ಲ. ಎರಡು ವಾರದಿಂದ ಮಳೆ ಇಲ್ಲ, ಗಾಳಿ ಬೇರೆ. ಅವರು ಎರಡು ಗಂಟೆ ಲಾರಿ ಓಡಿಸಿಕೊಂಡು ಬಂದಿದ್ದರು. ಲಾರಿಯಲ್ಲಿ ಅವರಿಗಿದ್ದ ಒಂದೇ ಕುದುರೆ. ಕುದುರೆ ಇಳಿಸುವ ಹಲಗೆಯನ್ನು ತೆರೆಯಲೇ ಇಲ್ಲ. ಅಧಿಕಾರಿಗಳ ಡೇರೆಗೆ ಹೋಗಿ ಹೆಸರು ತೆಗೆಸಿ, ವಾಪಸ್ಸು ಹೊರಟುಬಿಟ್ಟರು.

ಎಂಟು ಏಳಾಯಿತು. ಒಂದು ಕಮ್ಮಿಯಾದರೆ ಏನಂತೆ ಅನ್ನಬಹುದು. ಆದರೆ ಅಲ್ಲಿನ ಬಾಜಿಯ ಪದ್ಧತಿಯಲ್ಲಿ ಸಾಮಾನ್ಯವಾಗಿ ಎಂಟು ಕುದುರೆ ಓಡಿದರೆ ಮೂರನೇ ಸ್ಥಾನಕ್ಕೂ ದುಡ್ಡು ಸಿಗುತ್ತದೆ. ಏಳಾದರೆ ಮೊದಲ ಎರಡಕ್ಕೆ ಮಾತ್ರ. ಐದಕ್ಕಿಂತ ಕಮ್ಮಿಯಾದರೆ ಗೆದ್ದದ್ದಕ್ಕೆ ಬಿಟ್ಟು ಬೇರೆ ಯಾವುದಕ್ಕೂ ಇಲ್ಲ. ಬುಕ್ಕಿ ಬೋರ್ಡು ಬದಲಾಯಿಸಿದ ಕೂಡಲೇ ಮುಂದೆ ನಿಂತಿದ್ದ ಜನ ಚದುರಿದರು. ಜನ ಚದುರಿದರೆ ಬುಕ್ಕಿಗಳು ಮುಂದಿನ ಸಲ ಬರಲು ಹಿಂದೆಮುಂದೆ ನೋಡುತ್ತಾರೆ. ಕೊನೆಗೆ ಕಾರಿನ ಲೆಕ್ಕದಲ್ಲಿ ಟಿಕೆಟ್ಟು ಕೊಟ್ಟು ಒಳಗೆ ಬರುವ ಕುಟುಂಬಗಳೂ ಕಮ್ಮಿಯಾಗುತ್ತವೆ. ಖರ್ಚು ಮಾತ್ರ ಇಳಿಯುವುದಿಲ್ಲ. ಮೂರು ಕುದುರೆ ಓಡಲಿ, ಹದಿಮೂರು ಓಡಲಿ, ಆಂಬುಲೆನ್ಸ್ ಬೇಕು, ಡಾಕ್ಟರು ಬೇಕು, ಕುದುರೆ ಡಾಕ್ಟರೂ ಬೇಕು.

ಒಂದೇ ಕುದುರೆ ಉಳಿಯುವುದೂ ಉಂಟು. ಆಗ ಸವಾರ ತನ್ನ ತೂಕ ನೋಡಿಸಿಕೊಂಡು, ಕುದುರೆ ಹತ್ತಿ, ತೀರ್ಪುಗಾರರ ಮುಂದೆ ಹಾದುಹೋದರೆ ಸಾಕು, ಗೆದ್ದ ಹಾಗೆ. ನಮ್ಮ ಕಂಬಳದಲ್ಲಿ ಎಷ್ಟು ಜೋಡಿ ಸೇರಿವೆ ಎಂದು ಮೊದಲು ಕೇಳುತ್ತೇವಲ್ಲ, ಒಂದೇ ಜೋಡಿ ಬಂದರೆ ಹೇಗನ್ನಿಸೀತು ಯೋಚಿಸಿ.

ಹಾಗಾದರೆ ಕುದುರೆಗಳನ್ನು ಸೇರಿಸುವುದು ಹೇಗೆ? ಬಹುಮಾನ ಜಾಸ್ತಿ ಮಾಡಿ ಅನ್ನುವವರಿದ್ದಾರೆ. ನನಗೆ ಅದು ಮೊದಲ ಉತ್ತರ ಅನ್ನಿಸುವುದಿಲ್ಲ. ಅಲ್ಲಿ ಗೆದ್ದರೆ ಸಿಗುವುದು ಕೆಲವು ನೂರು ಪೌಂಡು. ಒಂದು ಕುದುರೆ ಸಾಕುವ ಖರ್ಚಿನ ಮುಂದೆ ಅದು ಯಾವ ಲೆಕ್ಕ? ದುಡ್ಡಿಗಾಗಿ ಬರುವವರು ಅಲ್ಲಿ ಕಮ್ಮಿ. ಅವರ ಭಯವೆಲ್ಲ ಕುದುರೆಯ ಕಾಲಿನ ಬಗ್ಗೆ. ಅರ್ಧ ಟನ್ ತೂಗುವ ಪ್ರಾಣಿ ಬೇಲಿ ಹಾರಿ ಇಳಿಯುವಾಗ ಮುಂಗಾಲಿನ ಹಿಂಭಾಗದ ಸ್ನಾಯುರಜ್ಜು ಅಷ್ಟೂ ಭಾರ ತಾಳಿಕೊಳ್ಳಬೇಕು. ನೆಲ ಗಟ್ಟಿಯಿದ್ದರೆ ಅದು ಜಗ್ಗುತ್ತದೆ. ಒಮ್ಮೆ ಜಗ್ಗಿತೋ, ತಿಂಗಳುಗಟ್ಟಲೆ ವಿಶ್ರಾಂತಿ, ಆ ವರ್ಷದ ರೇಸೆಲ್ಲ ಮುಗಿದ ಹಾಗೆ. ಒಂದೇ ಕುದುರೆ ಇರುವವರು ಕೋಲು ಒತ್ತಿ ನೋಡದೆ ಇನ್ನೇನು ಮಾಡುತ್ತಾರೆ?

ಅದಕ್ಕೇ ಹೇಳುತ್ತೇನೆ, ಮೊದಲು ನೆಲ. ಬ್ರಿಟನ್ನಿನಲ್ಲಿ ಇದರ ಸೀಸನ್ನು ನವೆಂಬರಿನಿಂದ ಜೂನ್‌ವರೆಗೆ. ಚಳಿಗಾಲದಲ್ಲಿ ಕೆಸರಿನ ಕಾಟ, ಮಾರ್ಚ್ ಕಳೆದ ಮೇಲೆ ಗಟ್ಟಿ ನೆಲದ ಕಾಟ. ಹುಲ್ಲನ್ನು ನುಣ್ಣಗೆ ಕತ್ತರಿಸದೆ ಪಾದ ಮುಚ್ಚುವಷ್ಟು ಬೆಳೆಯಲು ಬಿಡಬೇಕು. ಹಿಂದಿನ ಸಲ ಗೊರಸು ಬಿದ್ದ ಹಳ್ಳಗಳನ್ನು ಒಂದೊಂದಾಗಿ ಮಣ್ಣು ತುಂಬಿ ತುಳಿಯಬೇಕು. ನೀರು ಹಾಯಿಸಬೇಕು. ರೇಸಿನ ಹಿಂದಿನ ದಿನ ಸುಮ್ನೆ ಮೇಲೆ ಚಿಮುಕಿಸಿದರೆ ಹುಲ್ಲು ಜಾರುತ್ತದೆ, ಅದು ಇನ್ನೂ ಅಪಾಯ. ವಾರದ ಮೊದಲಿನಿಂದಲೇ ಕೊಡುತ್ತಾ ಬಂದರೆ ಒಳಗೆ ಇಳಿಯುತ್ತದೆ. ಹೊಲದ ಕೆಲಸ ಗೊತ್ತಿರುವ ನಮ್ಮವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ ಅಲ್ವಾ?

ಇನ್ನೊಂದು, ನಿಜ ಹೇಳುವುದು. ನೆಲ ಗಟ್ಟಿಯಿದ್ದರೆ ಗಟ್ಟಿಯಿದೆ ಎಂದೇ ತಿಳಿಸಬೇಕು. 'ಚೆನ್ನಾಗಿದೆ ಬನ್ನಿ' ಎಂದು ಕರೆಸಿಕೊಂಡು ಒಮ್ಮೆ ಮೋಸವಾದರೆ ಆ ಮಾಲೀಕರು ಮತ್ತೆ ಆ ಊರಿನ ಕಡೆ ತಲೆ ಹಾಕುವುದಿಲ್ಲ.

ಆಮೇಲೆ ರೇಸುಗಳನ್ನು ಹೊಂದಿಸುವ ಜಾಣತನ. ಈ ರೇಸುಗಳನ್ನು ಹೆಚ್ಚಾಗಿ ನಡೆಸುವುದು ಆಯಾ ಸೀಮೆಯ ಹಂಟ್, ಅಂದರೆ ಬೇಟೆನಾಯಿ ಸಾಕಿದ ಕೂಟಗಳು. ನಾಯಿ ಬಿಟ್ಟು ನರಿ ಬೇಟೆಯಾಡುವುದಕ್ಕೆ ಇಂಗ್ಲೆಂಡಿನಲ್ಲಿ 2005ರಿಂದ ನಿಷೇಧವಿದೆ. ಕೂಟಗಳೂ ರೇಸುಗಳೂ ಉಳಿದಿವೆ. ಕೂಟದ ಸದಸ್ಯರಿಗೇ ಮೀಸಲಾದ ಒಂದು ರೇಸು ಇರುತ್ತದೆ. ಕುದುರೆ ಸಾಲದೆ ಒದ್ದಾಡುವುದರಲ್ಲಿ ಅದೇ ಮುಂದು. ಅಕ್ಕಪಕ್ಕದ ಮೂರು ನಾಲ್ಕು ಕೂಟಗಳ ಸದಸ್ಯರನ್ನೂ ಸೇರಿಸಿಕೊಂಡರೆ ರೇಸು ತುಂಬುತ್ತದೆ. ಹೀಗೆ ಮಾಡುವ ಕಡೆ ಮಾಡುತ್ತಿದ್ದಾರೆ. ನಮ್ಮ ಕೂಟದ ಬಹುಮಾನದ ಕಪ್ಪು ಹೊರಗಿನವರಿಗೆ ಹೋಗಬಾರದು ಅನ್ನುವ ಹಠ ನನಗೆ ಅರ್ಥವಾಗುತ್ತದೆ. ಆದರೆ ಸ್ಪರ್ಧೆಯೇ ಇಲ್ಲದೆ ಗೆದ್ದ ಕಪ್ಪನ್ನು ಯಾರಿಗೆ ತೋರಿಸುವುದು? ಹಾಗೇ ಒಂದೇ ದಿನ ಎರಡು ನೆರೆ ಊರುಗಳಲ್ಲಿ ರೇಸು ಇಟ್ಟರೆ ಇರುವ ಕುದುರೆಗಳೇ ಎರಡು ಪಾಲಾಗುತ್ತವೆ. ವರ್ಷದ ಮೊದಲೇ ಕೂತು ತಾರೀಕು ಮಾತಾಡಿಕೊಳ್ಳಬೇಕು.

ಐರ್ಲೆಂಡಿನಲ್ಲಿ ನಾಲ್ಕು ವರ್ಷದ, ಇನ್ನೂ ಗೆಲ್ಲದ ಕುದುರೆಗಳ ರೇಸಿಗೆ ಪೈಪೋಟಿಯೇ ಬೇರೆ. ಅಲ್ಲಿ ಗೆದ್ದ ಎಳೆಯ ಕುದುರೆಯನ್ನು ದೊಡ್ಡ ರೇಸಿನ ತರಬೇತುದಾರರು ಭಾರೀ ಬೆಲೆಗೆ ಕೊಳ್ಳುತ್ತಾರೆ. ಕುದುರೆ ಜಾಸ್ತಿಯಾದರೆ ಒಂದು ರೇಸನ್ನು ಎರಡಾಗಿ ಒಡೆದು ಓಡಿಸುತ್ತಾರೆ. ಬ್ರಿಟನ್ನಿನವರೂ ಈ ದಾರಿ ಹಿಡಿದು, ಎಳೆಯ ಕುದುರೆಗಳ ರೇಸುಗಳನ್ನು ಇಡುತ್ತಿದ್ದಾರೆ. ಒಳ್ಳೆಯದೇ. ಆದರೆ ವ್ಯಾಪಾರದ ಕುದುರೆಗಳು ಮಾರಾಟವಾಗಿ ಹೋಗಿಬಿಡುತ್ತವೆ. ವರ್ಷ ವರ್ಷವೂ ಬರುವುದು ಆ ಒಂದೇ ಕುದುರೆಯ ಲಾರಿಯವರು.

ಮರುವರ್ಷ ಮತ್ತೆ ಅದೇ ಊರಿಗೆ ಹೋಗಿದ್ದೆ. ಆ ಸಲವೂ ಮಳೆ ಕಮ್ಮಿ. ಆದರೆ ಸೋಮವಾರದಿಂದಲೇ ಟ್ರ್ಯಾಕ್ಟರಿನವರು ಟ್ಯಾಂಕಿನಲ್ಲಿ ನೀರು ಹೊಡೆದಿದ್ದರಂತೆ. ಹುಲ್ಲು ನನ್ನ ಬೂಟಿನ ಅರ್ಧಕ್ಕೆ ಬರುತ್ತಿತ್ತು. ಆ ಹೆಂಗಸು ಕೋಲು ಹಿಡಿದು ಬಂದರು. ಮೊದಲ ಬೇಲಿಯ ಆಚೆ, ಕುದುರೆ ಇಳಿಯುವ ಜಾಗದಲ್ಲಿ ನಿಂತು ಒತ್ತಿದರು. ಕೋಲು ನಾಲ್ಕು ಬೆರಳಷ್ಟು ಇಳಿಯಿತು. ಇನ್ನೆರಡು ಕಡೆ ಒತ್ತಿ ನೋಡಿ, ಏನೂ ಮಾತಾಡದೆ ಲಾರಿಯ ಹತ್ತಿರ ಹೋಗಿ ಹಲಗೆ ಇಳಿಸಿದರು.

ನಮಸ್ಕಾರ.