ಅಪ್‌ಡೇಟ್ ಆಯಿತು, ಮಾನಿಟರ್ ಕಪ್ಪಾಯಿತು

ಕೇಳುಗರಿಗೆಲ್ಲ ನಮಸ್ಕಾರ.

ರಾತ್ರಿ ಲ್ಯಾಪ್‌ಟಾಪ್ ತನ್ನ ಪಾಡಿಗೆ ಅಪ್‌ಡೇಟ್ ಆಗಿರುತ್ತದೆ. ಬೆಳಗ್ಗೆ ಕೆಲಸಕ್ಕೆ ಕೂತರೆ ಪಕ್ಕದ ದೊಡ್ಡ ಮಾನಿಟರ್‌ನಲ್ಲಿ ‘ನೋ ಸಿಗ್ನಲ್’. ನಿನ್ನೆ ಸಂಜೆ ಚೆನ್ನಾಗಿಯೇ ಇತ್ತು, ಅಲ್ವಾ? ಆಗ ನಮ್ಮ ಕೈ ಮೊದಲು ಹೋಗುವುದು ಕೇಬಲ್ ಕಡೆಗೆ. ಕಿತ್ತು ಚುಚ್ಚುತ್ತೇವೆ, ಬಾಯಿಂದ ಊದುತ್ತೇವೆ, ಕೊನೆಗೆ ಅಂಗಡಿಗೆ ಹೋಗಿ ಹೊಸದು ತರುತ್ತೇವೆ. ಸ್ವಲ್ಪ ತಡೆಯಿರಿ. ಅಪ್‌ಡೇಟ್ ಆದ ಮರುದಿನವೇ ಹೀಗಾಗಿದ್ದರೆ ತಪ್ಪು ಕೇಬಲ್‌ನದಲ್ಲ, ಗ್ರಾಫಿಕ್ಸ್ ಡ್ರೈವರ್‌ನದು, ಅಂದರೆ ಪರದೆಗೆ ಚಿತ್ರ ಕಳಿಸುವ ಚಿಪ್ಪನ್ನು ನಡೆಸುವ ತಂತ್ರಾಂಶದ್ದು ಇರುವ ಸಾಧ್ಯತೆಯೇ ಜಾಸ್ತಿ. ನಾನು ಮಾತಾಡುತ್ತಿರುವುದು ವಿಂಡೋಸ್ ಲ್ಯಾಪ್‌ಟಾಪ್ ಬಗ್ಗೆ.

ಅನುಮಾನ ಇದ್ದರೆ ಅದೇ ಕೇಬಲ್ಲನ್ನು ಟಿವಿಯ ಸೆಟ್‌ಟಾಪ್ ಬಾಕ್ಸ್‌ಗೆ ಹಾಕಿ ಮಾನಿಟರ್ ನೋಡಿ. ಚಿತ್ರ ಬಂದರೆ ಕೇಬಲ್, ಮಾನಿಟರ್ ಎರಡೂ ಸರಿ ಇವೆ. ಇನ್ನೊಂದು ಸುಳಿವೂ ಉಂಟು. ಆನ್ ಮಾಡಿದ ಕೂಡಲೇ ಕಂಪನಿಯ ಲೋಗೋ ದೊಡ್ಡ ಮಾನಿಟರ್‌ನಲ್ಲಿ ಬಂದು, ವಿಂಡೋಸ್ ಶುರುವಾದ ಮೇಲೆ ಮಾಯವಾದರೆ ವೈರನ್ನು ಮುಟ್ಟುವುದೇ ಬೇಡ.

ಮೊದಲ ಮದ್ದು ರೀಸ್ಟಾರ್ಟ್. ‘ಆಫ್ ಮಾಡಿ ಆನ್ ಮಾಡಿದೆನಲ್ಲ’ ಅನ್ನುತ್ತೀರಿ. ಅಲ್ಲೇ ಇರುವುದು ಗುಟ್ಟು. 2012ರ ವಿಂಡೋಸ್ 8ರಿಂದ ‘ಫಾಸ್ಟ್ ಸ್ಟಾರ್ಟಪ್’ ಅನ್ನುವುದು ಬಂದಿದೆ. ಶಟ್‌ಡೌನ್ ಕೊಟ್ಟರೆ ವಿಂಡೋಸ್ ತನ್ನ ಒಳಗಿನ ಸ್ಥಿತಿಯನ್ನು, ಡ್ರೈವರ್‌ಗಳ ಸಮೇತ, ಡಿಸ್ಕಿನಲ್ಲಿ ಬರೆದಿಟ್ಟು ಮಲಗುತ್ತದೆ. ಮತ್ತೆ ಆನ್ ಮಾಡಿದರೆ ಅದನ್ನೇ ಎತ್ತಿಕೊಳ್ಳುತ್ತದೆ. ಹಾಗಾಗಿ ಕೆಟ್ಟ ಸ್ಥಿತಿಯೂ ವಾಪಸ್ ಬರುತ್ತದೆ! ರೀಸ್ಟಾರ್ಟ್ ಕೊಟ್ಟರೆ ಮಾತ್ರ ಎಲ್ಲವೂ ಹೊಸದಾಗಿ ಶುರುವಾಗುತ್ತದೆ. ಶಟ್‌ಡೌನೇ ಬೇಕೆಂದರೆ ಶಿಫ್ಟ್ ಕೀ ಹಿಡಿದುಕೊಂಡು ಒತ್ತಿ.

ಆಗಲೂ ಬರಲಿಲ್ಲವೇ? ಕಿಟಕಿ ಗುರುತಿನ ವಿಂಡೋಸ್ ಕೀ ಜೊತೆ ‘ಪಿ’ ಒತ್ತಿ. ‘ಪಿಸಿ ಸ್ಕ್ರೀನ್ ಓನ್ಲಿ’ ಎಂದಿದ್ದರೆ ‘ಎಕ್ಸ್‌ಟೆಂಡ್’ಗೆ ಬದಲಿಸಿ. ಅದೂ ಆಗದಿದ್ದರೆ ವಿಂಡೋಸ್, ಕಂಟ್ರೋಲ್, ಶಿಫ್ಟ್, ಬಿ, ನಾಲ್ಕನ್ನೂ ಒಟ್ಟಿಗೆ ಒತ್ತಿ. ಪರದೆ ಒಮ್ಮೆ ಮಿನುಗುತ್ತದೆ, ಬೀಪ್ ಕೇಳಿಸಬಹುದು. ಗ್ರಾಫಿಕ್ಸ್ ಡ್ರೈವರ್ ಮಾತ್ರ ಮತ್ತೆ ಶುರುವಾಗುತ್ತದೆ, ತೆರೆದಿಟ್ಟ ಫೈಲುಗಳು ಹಾಗೇ ಇರುತ್ತವೆ.

ಇನ್ನು ಡ್ರೈವರ್ ವಿಷಯ. ಸ್ಟಾರ್ಟ್ ಬಟನ್ ಮೇಲೆ ರೈಟ್ ಕ್ಲಿಕ್ ಮಾಡಿ ‘ಡಿವೈಸ್ ಮ್ಯಾನೇಜರ್’ ತೆರೆಯಿರಿ. ‘ಡಿಸ್‌ಪ್ಲೇ ಅಡಾಪ್ಟರ್ಸ್’ ಕೆಳಗೆ ಇಂಟೆಲ್, ಎಎಂಡಿ ಅಥವಾ ಎನ್‌ವಿಡಿಯಾದಂಥ ಚಿಪ್ ಕಂಪನಿಯ ಹೆಸರು ಇರಬೇಕು. ಬದಲಿಗೆ ‘ಮೈಕ್ರೋಸಾಫ್ಟ್ ಬೇಸಿಕ್ ಡಿಸ್‌ಪ್ಲೇ ಅಡಾಪ್ಟರ್’ ಎಂದಿದ್ದರೆ ಕಳ್ಳ ಸಿಕ್ಕಿದ. ಅದು ತುರ್ತಿಗೆ ಇರುವ ಡ್ರೈವರ್, ಎರಡನೇ ಪರದೆ ಅದರ ಕೈಲಿ ಸಾಮಾನ್ಯವಾಗಿ ಆಗುವುದಿಲ್ಲ. ಲ್ಯಾಪ್‌ಟಾಪ್ ಕಂಪನಿಯ ವೆಬ್‌ಸೈಟಿನಿಂದಲೇ ನಿಮ್ಮ ಮಾಡೆಲ್‌ನ ಡ್ರೈವರ್ ಇಳಿಸಿಕೊಳ್ಳಿ. ‘ಎಲ್ಲ ಡ್ರೈವರ್ ಒಂದೇ ಕ್ಲಿಕ್‌ನಲ್ಲಿ’ ಎನ್ನುವ ಜಾಹೀರಾತುಗಳನ್ನು ನಾನಂತೂ ನಂಬುವುದಿಲ್ಲ. ಹೆಸರು ಸರಿ ಇದ್ದರೆ ಅದರ ಪ್ರಾಪರ್ಟೀಸ್‌ಗೆ ಹೋಗಿ, ಡ್ರೈವರ್ ಪುಟದಲ್ಲಿ ‘ರೋಲ್ ಬ್ಯಾಕ್’ ಒತ್ತಿ. ಹಳೆಯ ಡ್ರೈವರ್ ವಾಪಸ್ ಬರುತ್ತದೆ. ಆ ಬಟನ್ ಮಂಕಾಗಿದ್ದರೆ ಹಳೆಯದು ಉಳಿದಿಲ್ಲ ಎಂದರ್ಥ. ವಿಂಡೋಸ್‌ನ ಆವೃತ್ತಿಯೇ ಬದಲಾಗಿದ್ದರೆ ಸೆಟ್ಟಿಂಗ್ಸ್‌ನ ‘ರಿಕವರಿ’ಯಲ್ಲಿ ‘ಗೋ ಬ್ಯಾಕ್’ ಇದೆ. ಸಾಮಾನ್ಯವಾಗಿ 10 ದಿನದೊಳಗೆ ಮಾತ್ರ.

ಡಾಕ್, ಅಂದರೆ ಮಾನಿಟರ್, ಕೀಬೋರ್ಡ್ ಎಲ್ಲವನ್ನೂ ಒಂದೇ ವೈರಿನಲ್ಲಿ ಲ್ಯಾಪ್‌ಟಾಪ್‌ಗೆ ಜೋಡಿಸುವ ಪೆಟ್ಟಿಗೆ, ಬಳಸುವವರಿಗೆ ಒಂದು ಮಾತು. ಅದು ಯುಎಸ್‌ಬಿ ಮೂಲಕ ಚಿತ್ರ ಕಳಿಸುವ ಡಿಸ್‌ಪ್ಲೇಲಿಂಕ್ ಡಾಕ್ ಆಗಿದ್ದರೆ ಅದಕ್ಕೆ ಬೇರೆಯೇ ಡ್ರೈವರ್ ಬೇಕು. ಸುಮ್ನೆ ಇಂಟೆಲ್ ಡ್ರೈವರ್ ಬದಲಿಸುತ್ತಾ ಕೂರಬೇಡಿ.

ಅಂದಹಾಗೆ, ಮೈಕ್ರೋಸಾಫ್ಟ್ 2003ರಿಂದ ತಿಂಗಳ ಎರಡನೇ ಮಂಗಳವಾರ ಅಪ್‌ಡೇಟ್ ಬಿಡುತ್ತದೆ. ಅಮೆರಿಕದ ಬೆಳಗ್ಗೆ ನಮಗೆ ರಾತ್ರಿ. ಹಾಗಾಗಿ ನಮಗೆ ಬಿಸಿ ತಟ್ಟುವುದು ಬುಧವಾರದಿಂದ. ಆ ವಾರ ಪ್ರೊಜೆಕ್ಟರ್ ಹಚ್ಚಿ ಪಾಠ ಮಾಡುವುದಿದ್ದರೆ ಸೋಮವಾರವೇ ಸೆಟ್ಟಿಂಗ್ಸ್‌ನ ವಿಂಡೋಸ್ ಅಪ್‌ಡೇಟ್ ಪುಟದಲ್ಲಿ ‘ಪಾಜ್’ (Pause) ಒತ್ತಿ ಒಂದು ವಾರ ತಡೆದಿಡಿ. ಪಾಠ ಮುಗಿದ ಮೇಲೆ ಮರೆಯದೆ ಬಿಡಿ, ಭದ್ರತೆಯ ರಿಪೇರಿಗಳೂ ಅದರಲ್ಲೇ ಬರುತ್ತವೆ. ನಮಸ್ಕಾರ.