ಇಪ್ಪತ್ನಾಲ್ಕನೆಯ ಟಾರ್ಪೆಡೊ

ಸ್ನೇಹಿತರೆ, 1946ರ ಮಾರ್ಚ್ 27ರಂದು ಶ್ವೇತಭವನದಲ್ಲಿ ಅಧ್ಯಕ್ಷ ಟ್ರೂಮನ್ ಅವರು ಅಮೆರಿಕದ ಜಲಾಂತರ್ಗಾಮಿ ಕಪ್ತಾನ ರಿಚರ್ಡ್ ಓಕೇನ್ ಅವರ ಕೊರಳಿಗೆ ದೇಶದ ಅತ್ಯುನ್ನತ ಶೌರ್ಯಪದಕವಾದ ಮೆಡಲ್ ಆಫ್ ಆನರ್ ತೊಡಿಸಿದರು. 1944ರ ಅಕ್ಟೋಬರ್ 23 ಮತ್ತು 24ರಂದು ಜಪಾನಿ ಹಡಗುಗಳ ಮೇಲೆ ಅವರು ನಡೆಸಿದ ದಾಳಿಗಳನ್ನು ಪ್ರಶಸ್ತಿಪತ್ರ ವಿಸ್ತಾರವಾಗಿಯೇ ಹೊಗಳುತ್ತದೆ. ಕೊನೆಗೆ ಬಂದಾಗ ಮಾತ್ರ ಮಾತು ಮೊಟಕಾಗುತ್ತದೆ: ತಮ್ಮ ಹಡಗು ಮುಳುಗುವ ಮುನ್ನ ಕಡೆಯ ಟಾರ್ಪೆಡೊಗಳನ್ನೂ ಹಾರಿಸಿದರು, ಅಷ್ಟೆ. ಹಡಗನ್ನು ಮುಳುಗಿಸಿದ್ದು ಯಾವುದು? ಪತ್ರದಲ್ಲಿ ಸೊಲ್ಲಿಲ್ಲ. ಮುಳುಗಿಸಿದ್ದು ಅವರದೇ ಟಾರ್ಪೆಡೊ.

ಓಕೇನ್ ಅವರ ಜಲಾಂತರ್ಗಾಮಿಯ ಹೆಸರು ಟ್ಯಾಂಗ್. ತೈವಾನ್ ಜಲಸಂಧಿಗೆ ಅದು ಹೊತ್ತು ತಂದದ್ದು ಮಾರ್ಕ್ 18 ಎಂಬ ಬಗೆಯ 24 ಟಾರ್ಪೆಡೊಗಳನ್ನು. ಹಬೆಯ ಬಲದಿಂದ 46 ನಾಟ್ ವೇಗದಲ್ಲಿ ಓಡುತ್ತಿದ್ದ ಹಳೆಯ ಮಾರ್ಕ್ 14ರ ಹಿಂದೆ ಗುಳ್ಳೆಗಳ ಬಿಳಿ ಗೆರೆ ಎದ್ದು ಕಾಣುತ್ತಿತ್ತು. ಬ್ಯಾಟರಿಯಿಂದ ಓಡುವ ಮಾರ್ಕ್ 18ರ ವೇಗ ಸುಮಾರು 29 ನಾಟ್ ಮಾತ್ರ. ಆದರೆ ಗುಳ್ಳೆಯ ಸುಳಿವೇ ಇಲ್ಲ. ಎರಡರಲ್ಲೂ ದಿಕ್ಕು ಹಿಡಿಯುವುದು ಒಳಗಿನ ಗೈರೊ ಎಂಬ ತಿರುಗುವ ಚಕ್ರ. ಅದು ಹೇಳಿದಂತೆ ಚುಕ್ಕಾಣಿ ತಿರುಗುತ್ತದೆ. ಗೈರೊ ಕೆಟ್ಟರೆ, ಇಲ್ಲವೇ ಚುಕ್ಕಾಣಿ ಒಂದೇ ಕಡೆಗೆ ಸಿಕ್ಕಿಕೊಂಡರೆ, ಟಾರ್ಪೆಡೊ ವೃತ್ತ ಹಾಕುತ್ತದೆ. ಸಿಡಿತಲೆ ಸ್ವಲ್ಪ ದೂರ ಓಡಿದ ಮೇಲಷ್ಟೇ ಸಜ್ಜಾಗುವುದು ಹಾರಿಸಿದವರಿಗೆ ಅಪಾಯವಾಗದಿರಲೆಂದು. ಆದರೆ ಸುತ್ತಿ ಬರುವ ಟಾರ್ಪೆಡೊ ಆ ದೂರವನ್ನು ದಾಟಿಯೇ ಬಂದಿರುತ್ತದೆ! ಅಡ್ಡದಾರಿ ಹಿಡಿದರೆ ತಾನೇ ನಿಂತುಬಿಡುವ ಏರ್ಪಾಡು ಮಾರ್ಕ್ 18ರಲ್ಲಿ ಇರಲಿಲ್ಲ. ಅದೇ 1944ರ ಮಾರ್ಚ್‌ನಲ್ಲಿ ಟಲಿಬೀ ಎಂಬ ಜಲಾಂತರ್ಗಾಮಿಯೂ ತನ್ನದೇ ಟಾರ್ಪೆಡೊಗೆ ಬಲಿಯಾಗಿತ್ತು, ಉಳಿದವನು ಒಬ್ಬನೇ.

ಕೊನೆಯ ದಾಳಿಯ ರಾತ್ರಿ ಟ್ಯಾಂಗ್ ನೀರಿನ ಮೇಲೆಯೇ ಇತ್ತು. 23ನೆಯ ಟಾರ್ಪೆಡೊ ನೇರವಾಗಿ ಹೋಯಿತು. 24ನೆಯದು ನೀರಿನಿಂದ ಮೇಲಕ್ಕೆ ಚಿಮ್ಮಿ ಎಡಕ್ಕೆ ಹೊರಳಿತು. ಓಕೇನ್ ಪೂರ್ಣ ವೇಗ ಕೇಳಿ, ಹಿಂಬದಿಯನ್ನು ಅತ್ತ ಸರಿಸಲು ಚುಕ್ಕಾಣಿ ತಿರುಗಿಸಿದರು. ಸುಮಾರು ಇಪ್ಪತ್ತು ಸೆಕೆಂಡು ಸಾಕಾಗಲಿಲ್ಲ. ಪೆಟ್ಟು ಹಿಂಬದಿಯ ಟಾರ್ಪೆಡೊ ಕೋಣೆಗೆ ಬಿತ್ತು. ಹಡಗು ಹಿಂಬದಿಯಿಂದ ಇಳಿದು, ಸುಮಾರು 55 ಮೀಟರ್ ಆಳದಲ್ಲಿ ನೆಲ ಮುಟ್ಟಿತು.

ಮುಂಬದಿಯ ಟಾರ್ಪೆಡೊ ಕೋಣೆಯಲ್ಲಿ ಸುಮಾರು 30 ಮಂದಿ ಸೇರಿದ್ದರು. ಪಕ್ಕದಲ್ಲೇ ಬೆಂಕಿ, ಗೋಡೆಯ ಬಣ್ಣ ಬೊಬ್ಬೆಯೇಳುತ್ತಿತ್ತು. ಅಲ್ಲಿಂದ ಹೊರಬೀಳುವ ಬಗೆ ಹೀಗೆ: ಕೆಲವರಷ್ಟೇ ಹಿಡಿಸುವ ಪಾರಾಗುವ ಗೂಡಿಗೆ ಹತ್ತಿ ಕೆಳಬಾಗಿಲು ಮುಚ್ಚಬೇಕು. ಒಳಗಿನ ಒತ್ತಡ ಹೊರಗಿನ ಸಮುದ್ರಕ್ಕೆ ಸಮವಾಗುವವರೆಗೆ ನೀರು ಬಿಡಬೇಕು; ಆ ಆಳದಲ್ಲಿ ಅದು ಮೇಲಿನ ಗಾಳಿಯ ಆರೂವರೆ ಪಟ್ಟು. ಸಮವಾಗದ ಹೊರತು ಹೊರಬಾಗಿಲು ಅಲುಗದು. ಎದೆಗೆ ಮಾಮ್ಸೆನ್ ಲಂಗ್ ಎಂಬ ರಬ್ಬರ್ ಚೀಲ. ಅದರಲ್ಲಿ ಆಮ್ಲಜನಕ, ಜೊತೆಗೆ ಬಿಟ್ಟ ಉಸಿರಿನ ಇಂಗಾಲದ ಡೈಆಕ್ಸೈಡನ್ನು ಹೀರುವ ಸೋಡಾ ಸುಣ್ಣ. ನೀರಿನ ಮೇಲೆ ತೇಲುವ ಬುರುಡೆಗೆ ಕಟ್ಟಿದ ಹಗ್ಗ ಹಿಡಿದು ನಿಧಾನವಾಗಿ ಏರಬೇಕು. ಉಸಿರು ಬಿಗಿಹಿಡಿದರೆ, ಮೇಲೇರಿದಂತೆ ಹಿಗ್ಗುವ ಗಾಳಿ ಶ್ವಾಸಕೋಶವನ್ನೇ ಹರಿಯುತ್ತದೆ. 13 ಮಂದಿ ಹೊರಬಿದ್ದರು, 8 ಮಂದಿ ಮೇಲೆ ತಲುಪಿದರು, ಬದುಕಿ ಸಿಕ್ಕವರು ಐವರು. ಮೇಲುಗಡೆಯಿಂದ ಪಾರಾದವರು ಓಕೇನ್ ಸೇರಿ ನಾಲ್ವರು. 87 ಜನರಲ್ಲಿ 78 ಮಂದಿ ಸತ್ತರು. ಉಳಿದ ಒಂಬತ್ತು ಜನ ಜಪಾನಿನ ಸೆರೆ ಸೇರಿದರು.

ಈಗ ಸ್ಮಾರಕಗಳ ಮಾತು. 1951ರಲ್ಲಿ ನೀರಿಗಿಳಿದ ಎರಡನೆಯ ಟ್ಯಾಂಗ್‌ಗೆ ಹೆಸರಿಟ್ಟವರು ಓಕೇನ್ ಅವರ ಪತ್ನಿ. ಅದು ಮುಂದೆ ತುರ್ಕಿಯ ಪಾಲಾಗಿ, ಪೀರಿ ರೇಯಿಸ್ ಎಂಬ ಹೆಸರಿನಿಂದ ಇಂದು ಇಜ್ಮಿರ್‌ನಲ್ಲಿ ವಸ್ತುಸಂಗ್ರಹಾಲಯ. ಓಕೇನ್ 1994ರಲ್ಲಿ ತೀರಿಕೊಂಡರು, ಸಮಾಧಿ ಆರ್ಲಿಂಗ್ಟನ್‌ನಲ್ಲಿದೆ. 1999ರ ಅಕ್ಟೋಬರ್ 23ರಂದು ಪರ್ಲ್ ಹಾರ್ಬರ್‌ನಲ್ಲಿ ಸೇವೆಗೆ ಸೇರಿದ ಡೆಸ್ಟ್ರಾಯರ್ ಯುದ್ಧನೌಕೆಯೊಂದಕ್ಕೆ ಅವರ ಹೆಸರಿದೆ. ಡೆಸ್ಟ್ರಾಯರ್‌ನ ಕಸುಬುಗಳಲ್ಲಿ ಜಲಾಂತರ್ಗಾಮಿ ಬೇಟೆಯೂ ಒಂದು ಎಂಬುದನ್ನು ನೆನೆದರೆ ಕೊಂಚ ನಗು ಬರುತ್ತದೆ.

ನನಗೆ ಹೆಚ್ಚು ಹಿಡಿಸುವ ಸ್ಮಾರಕ ಒಂದು ಮರದ ಹಲಗೆ. ಟ್ಯಾಂಗ್‌ಗಿಂತ ಮೊದಲು ಓಕೇನ್ ವಾಹೂ ಜಲಾಂತರ್ಗಾಮಿಯಲ್ಲಿದ್ದಾಗ, ಕ್ರಿಬೇಜ್ ಎಂಬ ಇಸ್ಪೀಟಾಟದಲ್ಲಿ ಅವರಿಗೆ 29 ಅಂಕದ ಕೈ ಬಂದಿತ್ತು; 2,16,580 ಸಲಕ್ಕೊಮ್ಮೆ ಬರುವಂಥದ್ದು. ಅದರ ನೆನಪಿಗೆ ಓಕೇನ್ ಹೆಸರಿನ ಅಂಕದ ಹಲಗೆಯನ್ನು ಪೆಸಿಫಿಕ್ ಪಡೆಯ ಅತಿ ಹಳೆಯ ದಾಳಿ ಜಲಾಂತರ್ಗಾಮಿಯಲ್ಲಿ ಇಡುತ್ತಾರೆ. ಆ ದೋಣಿ ನಿವೃತ್ತಿಯಾದಾಗ ಹಲಗೆ ನಂತರದ ಹಿರಿಯ ದೋಣಿಗೆ ದಾಟುತ್ತದೆ. 2018ರಲ್ಲಿ ಬ್ರೆಮರ್ಟನ್ ಎಂಬ ದೋಣಿ ಅದನ್ನು ಒಲಿಂಪಿಯಾ ಎಂಬ ದೋಣಿಗೆ ಕೊಟ್ಟಿತು. ಗಾಜಿನ ಪೆಟ್ಟಿಗೆಯಲ್ಲಿಟ್ಟು ಪೂಜಿಸಲಿಕ್ಕಲ್ಲ, ಆಡಲಿಕ್ಕೆ.